ರಾತ್ರಿ 2 ಗಂಟೆಯ ಅಲಾರಂ

ಅಕ್ಕನ ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ. ಅಂದರೆ ಶುಗರ್ ಹಿಡಿತದಲ್ಲಿಡುವ ಇನ್ಸುಲಿನ್ ಮಾಡುವ ಕೋಶಗಳನ್ನು ದೇಹವೇ ಕೊಂದುಬಿಡುತ್ತದೆ. ಮಗು ನಿದ್ದೆಯಲ್ಲಿದ್ದಾಗಲೇ ಬೆರಳು ಚುಚ್ಚಿ ಶುಗರ್ ನೋಡಲು ಅಕ್ಕ ರಾತ್ರಿ 2ಕ್ಕೆ ಏಳುತ್ತಾಳೆ. ನಿನ್ನೆ ಅಲ್ಲೇ ಉಳಿದಿದ್ದೆ. ಅಲಾರಂ ಹೊಡೆದ ಮೇಲೆ ನನಗೂ ನಿದ್ದೆ ಬರಲಿಲ್ಲ.

ಡಗ್ಲಸ್ ಮೆಲ್ಟನ್ ನೆನಪಾದರು. ಹಾರ್ವರ್ಡ್‌ನಲ್ಲಿ ಕಪ್ಪೆಗಳ ಬೆಳವಣಿಗೆ ಅಧ್ಯಯನ ಮಾಡುತ್ತಿದ್ದವರು. 1991ರಲ್ಲಿ 6 ತಿಂಗಳ ಮಗನಿಗೆ ಇದೇ ಕಾಯಿಲೆ ಬಂತು. ಕಪ್ಪೆಗಳನ್ನು ಬಿಟ್ಟು ಇದರ ಹಿಂದೆ ಬಿದ್ದರು. ಮುಂದೆ ಮಗಳಿಗೂ ಬಂತು. ಸ್ಟೆಮ್ ಸೆಲ್‌ನಿಂದ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶದಿಂದ, ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ರಾಶಿಗಟ್ಟಲೆ ಬೆಳೆಸುವ ದಾರಿ ಅವರ ತಂಡಕ್ಕೆ ಸಿಕ್ಕಿದ್ದು 2014ರಲ್ಲಿ. ಅಪ್ಪನೊಬ್ಬ ಎಷ್ಟು ವರ್ಷ ಕಾದ, ನೋಡಿ.

2025ರಲ್ಲಿ ವರ್ಟೆಕ್ಸ್ ಅನ್ನುವ ಔಷಧ ಕಂಪನಿಯ ಪ್ರಯೋಗದ ಫಲಿತಾಂಶ ಬಂತು. ಇಂಥ ಕೋಶಗಳನ್ನು ಲಿವರ್‌ಗೆ ಹೋಗುವ ರಕ್ತನಾಳಕ್ಕೆ ಬಿಡುತ್ತಾರೆ. ಅವು ಅಲ್ಲೇ ನೆಲೆಯೂರಿ, ಶುಗರ್ ನೋಡಿಕೊಂಡು ಇನ್ಸುಲಿನ್ ಬಿಡುತ್ತವೆ. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿಗೆ ವರ್ಷದ ನಂತರ ಇಂಜೆಕ್ಷನ್ನೇ ಬೇಕಿರಲಿಲ್ಲ. ಓದಿದ ದಿನ ಕಣ್ಣು ತುಂಬಿ ಬಂದಿತ್ತು.

ಆದರೆ ದೇಹ ಆ ಕೋಶಗಳನ್ನು ಕೊಲ್ಲದಂತೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ನುಂಗುತ್ತಿರಬೇಕು. ಮಕ್ಕಳಿಗೆ ಅದು ಸಣ್ಣ ಮಾತಲ್ಲ ಅಲ್ವಾ? ಈಗಲೇ ಸ್ಟೆಮ್ ಸೆಲ್‌ನಿಂದ ವಾಸಿ ಮಾಡ್ತೀವಿ ಅನ್ನುವ ಜಾಹೀರಾತು ನಂಬಿ ದಯವಿಟ್ಟು ದುಡ್ಡು ಕಟ್ಟಬೇಡಿ.

ಬೆಳಿಗ್ಗೆ ದೋಸೆಗೆ ಕೂರುವ ಮುಂಚೆ ಪುಟ್ಟಿ ತಾನೇ ಇಂಜೆಕ್ಷನ್ ಹಾಕಿಕೊಂಡಳು. ಅವಳಿಗಿನ್ನೂ 9 ವರ್ಷ.