40 ಕೆಜಿ ಇಳಿಸೋಕೆ ಎಷ್ಟು ದಿನ ಬೇಕು?

ಬೆಳಿಗ್ಗೆ ತೂಕ ನೋಡಿದೆ. ಹೋದ ವಾರ ಎಷ್ಟಿತ್ತೋ ಅಷ್ಟೇ ಇದೆ. ಇದು ಮೂರನೇ ವಾರ ಹೀಗೆ. 40 ಕೆಜಿ ಇಳಿಸಬೇಕು ಅಂತ ಹೊರಟವಳು ನಾನು. ಏಳು ತಿಂಗಳಲ್ಲಿ 17 ಇಳಿದಿದೆ.

"ಇನ್ನೂ ಎಷ್ಟು ದಿನ?" ಅಂತ ಎಲ್ಲರೂ ಕೇಳುತ್ತಾರೆ. ವಾರಕ್ಕೆ ಅರ್ಧದಿಂದ 1 ಕೆಜಿ ಅಂತ ಹಿಡಿದರೆ 40ರಿಂದ 80 ವಾರ ಬೇಕು. ಆದರೆ ದೇಹ ಲೆಕ್ಕದಂತೆ ನಡೆಯುವುದಿಲ್ಲ ಅಲ್ವಾ? ಮೊದಲ ಎರಡು ವಾರ ಸರ್ರನೆ ಇಳಿಯಿತು. ಅದರಲ್ಲಿ ಜಾಸ್ತಿ ಪಾಲು ನೀರು. ಕೊಬ್ಬು ಹಾಗಲ್ಲ. 1 ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ, ಅದು ನಿಧಾನವಾಗಿಯೇ ಕರಗಬೇಕು. ಮೈ ಹಗುರವಾದಂತೆ ಅದಕ್ಕೆ ಬೇಕಾದ ಕ್ಯಾಲೊರಿಯೂ ಕಡಿಮೆಯಾಗುತ್ತದೆ. ಮೊದಲು ತೂಕ ಇಳಿಸಿದ ಅದೇ ಊಟ ಈಗ ತೂಕವನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಇದು ಅರ್ಥವಾದ ಮೇಲೆ ನನ್ನ ಮೇಲೆ ನನಗಿದ್ದ ಸಿಟ್ಟು ಎಷ್ಟೋ ತಣ್ಣಗಾಯಿತು.

ಬೇಗ ಇಳಿಸುವ ಆಸೆಯಿಂದ ಒಮ್ಮೆ ಊಟ ಬಿಟ್ಟೂ ನೋಡಿದ್ದೆ. ಡಾಕ್ಟರ್ ಬೇಡ ಅಂದರು. ಹಾಗೆ ಇಳಿಸಿದರೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆಯಂತೆ. ಇನ್ನೊಂದು ಮಾತೂ ಹೇಳಿದರು: ಇದ್ದ ತೂಕದಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಬಿಪಿ, ಶುಗರ್ ಸುಧಾರಿಸಬಹುದು. ನನ್ನ ಬಿಪಿ ಈಗ ಹತೋಟಿಯಲ್ಲಿದೆ.

ಮೊನ್ನೆ ಬಗ್ಗಿ ಶೂ ಲೇಸ್ ಕಟ್ಟಿದೆ. ಉಸಿರು ಕಟ್ಟಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ, ಕಣ್ಣು ತುಂಬಿ ಬಂದಿತ್ತು.