ಗಾಳಿಗೂ ಪಿಯುಸಿ ಮಾಡಸ್ತಾರೇನೋ?

"ಹಾಯಿ ಅದ ಅಂತಿ, ಗಾಳಿ ಅದ ಅಂತಿ, ಮತ್ತ ಇಂಜಿನ್ ಎದಕ್ಕೋ?"

ಸಾಬಣ್ಣ ಕಾಕಾ ಹೀಗೆ ಕೇಳಿದಾಗ ಅಂಗಡಿಯಲ್ಲಿದ್ದವರೆಲ್ಲ ನನ್ನ ತಮ್ಮ ಮಲ್ಲುವಿನ ಕಡೆ ತಿರುಗಿದರು. ಮಲ್ಲು ನಮ್ಮ ಚಿಕ್ಕಪ್ಪನ ಮಗ. ಹಡಗಿನ ಇಂಜಿನ್ ಓದಿ ಈಗ ಪೋರ್ಚುಗಲ್‌ನಲ್ಲಿ ದೋಣಿ ರಿಪೇರಿ ಮಾಡುವ ಯಾರ್ಡಿನಲ್ಲಿದ್ದಾನೆ. ರಜೆಗೆ ಯಾದಗಿರಿಗೆ ಬಂದರೆ ಮನೆಗಿಂತ ಜಾಸ್ತಿ ಅಂಗಡಿಯಲ್ಲೇ ಇರುತ್ತಾನೆ. ನಮ್ಮದು ಪಂಪ್‌ಸೆಟ್ ಇಂಜಿನ್ ರಿಪೇರಿ ಅಂಗಡಿ. ಭೀಮಾ ದಂಡೆಯ ರೈತರ ಡೀಸೆಲ್ ಇಂಜಿನ್ನುಗಳು ಅಪ್ಪನ ಕಾಲದಿಂದ ಇಲ್ಲಿಗೇ ಬರುತ್ತವೆ.

ಅವತ್ತು ಮೀನು ಹಿಡಿಯುವ ಹಣಮಂತ ಒಂದು ಸಣ್ಣ ದೋಣಿ ಇಂಜಿನ್ ತಂದಿದ್ದ. ದೋಣಿಯ ಹಿಂದೆ ಕಚ್ಚಿಸುವಂಥದ್ದು. ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತರಿಸಿದ್ದು. ನಮ್ಮ ಕಡೆ ಇಂಥ ಇಂಜಿನ್ ಅಪರೂಪ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಊರುಗಳಿಗೆ ನುಗ್ಗಿದಾಗ ರಕ್ಷಣಾ ಪಡೆಯವರ ರಬ್ಬರ್ ದೋಣಿಗಳಲ್ಲಿ ಇವು ಓಡಿದ್ದನ್ನು ಸುಮಾರು ಜನ ನೋಡಿದ್ದರು. ಆಮೇಲೆ ಹಣಮಂತನಿಗೂ ಒಂದು ಬೇಕು ಅನ್ನಿಸಿತ್ತು. ಈಗ ಅದು ವಿಪರೀತ ಹೊಗೆ ಬಿಡುತ್ತಿತ್ತು.

ಹೊಗೆ ನೋಡಿ ಮಲ್ಲು ನಕ್ಕ. "ಇದನ್ನ ನಮ್ಮ ಯಾರ್ಡಿನಾಗ ಮಾರಾಕ ಇಟ್ರ ನನ್ನ ಕೆಲಸ ಹೋಗ್ತದ" ಅಂದ. ಅಲ್ಲಿ ಹೊಸ ದೋಣಿ ಇಂಜಿನ್ ಮಾರಬೇಕಾದರೆ ಹೊಗೆಗೆ ಮಿತಿ ಇದೆ, ಹಾಯಿ ದೋಣಿಯ ಇಂಜಿನ್ನಿಗೂ ಬಿಟ್ಟಿಲ್ಲ ಅಂದ. ಆಗ ಬಂದದ್ದು ಕಾಕಾನ ಪ್ರಶ್ನೆ.

ಮಲ್ಲು ಬಿಡಿಸಿ ಹೇಳಿದ. ಬಂದರಿನ ಒಳಗೆ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಅಲ್ಲಿ ಹಾಯಿ ಬಿಚ್ಚಿಕೊಂಡು ನುಗ್ಗುವುದು ಅಪಾಯ. ಸಮುದ್ರದ ನಡುವೆ ಗಾಳಿ ನಿಂತರೆ ದೋಣಿಯೂ ನಿಲ್ಲುತ್ತದೆ. ದೀಪಕ್ಕೆ, ವೈರ್‌ಲೆಸ್ಸಿಗೆ ಬ್ಯಾಟರಿ ಚಾರ್ಜ್ ಆಗಬೇಕು. ಅದಕ್ಕೇ ಹೊಟ್ಟೆಯೊಳಗೆ ಒಂದು ಸಣ್ಣ ಡೀಸೆಲ್ ಇಂಜಿನ್. ಕೆಲವು ದೋಣಿಗಳಲ್ಲಿ ಅದರ ಶಕ್ತಿ ನಮ್ಮ ಹೊಲದ ಪಂಪಿನ ಇಂಜಿನ್ನಿನಷ್ಟೇ.

"ಹಂಗಾದ್ರ ಗಾಳಿಗೂ ಪಿಯುಸಿ ಮಾಡಸ್ತಾರೇನೋ?" ಕಾಕಾ ಬಿಡಲಿಲ್ಲ. ಅವನು ಅಂದದ್ದು ಗಾಡಿಗೆ ಮಾಡಿಸುವ ಹೊಗೆ ತಪಾಸಣೆಯ ಸರ್ಟಿಫಿಕೇಟ್. "ನಮ್ಮ ಹರಗೋಲು ನೋಡು. ಹೊಗಿ ಬರೂದು ಹರಗೋಲದಾಗಲ್ಲ, ಹುಟ್ಟು ಹಾಕಾಂವನ ಬಾಯಾಗ!" ಅಂತ ತನ್ನ ಬೀಡಿ ಎತ್ತಿ ತೋರಿಸಿದ. ಅಂಗಡಿ ತುಂಬ ನಗು.

ಎಲ್ಲರಿಗಿಂತ ಜೋರಾಗಿ ನಕ್ಕವನು ಮಲ್ಲು. ಅವನ ಯಾರ್ಡಿಗೆ ಬರುವ ಒಬ್ಬ ಮುದುಕ ಸದಾ ಬಾಯಲ್ಲಿ ಪೈಪ್ ಕಚ್ಚಿಕೊಂಡೇ ಇರುತ್ತಾನಂತೆ. "ನನ್ನ ಇಂಜಿನ್ ಇಡೀ ವರ್ಷ ಬಿಡುವ ಹೊಗೆಗಿಂತ ಈ ಪೈಪಿನದೇ ಜಾಸ್ತಿ, ಮೊದಲು ಇದಕ್ಕೆ ಸರ್ಟಿಫಿಕೇಟ್ ಕೊಡಿ" ಅನ್ನುತ್ತಾನಂತೆ. ಇನ್ನೊಬ್ಬ, ಹುಟ್ಟು ಹಾಕುವಾಗ ಏದುಸಿರು ಬಿಟ್ಟರೆ ದಂಡ ಎಷ್ಟು ಅಂತ ಕೇಳಿದ್ದನಂತೆ. ಭೀಮಾ ದಂಡೆಯವರಿಗೂ ಅಟ್ಲಾಂಟಿಕ್ ದಂಡೆಯವರಿಗೂ ಒಂದೇ ಮಾತು ಹೊಳೆದದ್ದು ನನಗೆ ಬಹಳ ಖುಷಿ ಕೊಟ್ಟಿತು. ನೀರಿನ ಮೇಲೆ ದುಡಿಯುವವರು ದಂಡೆಯ ಮೇಲೆ ಕೂತು ನಿಯಮ ಬರೆಯುವವರನ್ನು ನೋಡಿ ನಗುವುದು ಎಲ್ಲ ಕಡೆಯೂ ಇದ್ದದ್ದೇ ಅಲ್ವಾ?

ನಗು ನಿಂತ ಮೇಲೆ ನಾನು ಮಲ್ಲುವನ್ನು ಕೂರಿಸಿಕೊಂಡು ಸರಿಯಾಗಿ ಕೇಳಿದೆ. ಇದು ನನ್ನ ಕಸುಬಿನ ವಿಷಯ. ಯುರೋಪಿನಲ್ಲಿ ವಿಹಾರದ ದೋಣಿಗಳ ಹೊಗೆಗೂ ಸದ್ದಿಗೂ ಮಿತಿ ಹಾಕಿದ್ದು 2003ರ ನಿಯಮ. 2013ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು, 2016ರಿಂದ ಅದು ಜಾರಿಗೆ ಬಂತು. ಅಮೆರಿಕ ಇನ್ನೂ ಮೊದಲೇ, 1996ರಲ್ಲಿ, ಹಣಮಂತ ತಂದಂಥ ಹೊರ ಇಂಜಿನ್ನುಗಳಿಗೆ ನಿಯಮ ಮಾಡಿತ್ತು. 1998ರ ಮಾಡೆಲ್‌ಗಳಿಂದ ಶುರು ಮಾಡಿ 2006ರ ಹೊತ್ತಿಗೆ ಉರಿಯದೆ ಹೊರಬರುವ ಇಂಧನದ ಅಂಶವನ್ನು ಶೇಕಡಾ 75ರಷ್ಟು ಇಳಿಸಬೇಕು ಅನ್ನುವುದು ಗುರಿ. ಈ ನಿಯಮಗಳು ಮುಖ್ಯವಾಗಿ ಹೊಸ ಇಂಜಿನ್ನಿಗೆ. ಹಳೇ ದೋಣಿಯವನ ಇಂಜಿನ್ ಯಾರೂ ಕಿತ್ತುಕೊಂಡು ಹೋಗುವುದಿಲ್ಲ. ಮುದುಕನ ಪೈಪೂ ಉಳಿಯಿತು, ಇಂಜಿನ್ನೂ ಉಳಿಯಿತು.

"ಹೊಗಿ ಅಳಿಯಾಕ ಪೈಪಿನಾಗ ನಳಿಗಿ ಹಾಕ್ತಾರೇನು?" ಅಂತ ಹಣಮಂತ ಕೇಳಿದ. ಒಳ್ಳೆಯ ಪ್ರಶ್ನೆ. ಕಾರಿಗೆ, ಬೈಕಿಗೆ ಹಾಗೆ ಮಾಡುತ್ತಾರೆ. ಹಾಯಿ ದೋಣಿಯ ಡೀಸೆಲ್ ಇಂಜಿನ್ನಿನಲ್ಲಿ, ಇಂಜಿನ್ನನ್ನು ತಂಪು ಮಾಡಿ ಬಂದ ನೀರನ್ನು ಹೊಗೆಯ ಜೊತೆಗೇ ಸೇರಿಸಿ ಹಿಂದಿನಿಂದ ಹೊರಗೆ ಉಗುಳಿಸುತ್ತಾರೆ. ಹೊಗೆಯೂ ನೀರೂ ಒಟ್ಟಿಗೆ ಬರುವ ಕಡೆ ನಳಿಕೆ ಇಟ್ಟು ಏನು ಅಳೆಯುವುದು? ಅಲ್ಲಿ ಪರೀಕ್ಷೆ ಮುಖ್ಯವಾಗಿ ಇಂಜಿನ್ ತಯಾರಾಗುವ ಹಂತದಲ್ಲೇ. ದೋಣಿ ತಗೊಂಡವನ ತಲೆ ಮೇಲೆ ಭಾರ ಹಾಕದೆ ಇಂಜಿನ್ ಮಾಡುವವನನ್ನೇ ಹಿಡಿದದ್ದು ನನಗೆ ಸರಿ ಕಂಡಿತು. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದದ್ದೂ ಹೀಗೆಯೇ, ಗಾಡಿ ಮಾಡುವವರ ಮೇಲೆ.

ಇಷ್ಟಾದರೂ ಕಾಕಾನ ತಕರಾರು ಮುಗಿದಿರಲಿಲ್ಲ. "ಹೊಗಿ ಮ್ಯಾಲ ಹೋಗ್ತದ, ನೀರಿಗೇನು ಸಂಬಂಧ?"

ಬಾಯಲ್ಲಿ ಹೇಳಿದರೆ ಆಗುವ ಮಾತಲ್ಲ ಇದು. ಡ್ರಮ್ಮಿಗೆ ನೀರು ತುಂಬಿಸಿ, ಹಣಮಂತನ ಇಂಜಿನ್ನನ್ನು ಅದರ ಅಂಚಿಗೆ ಕಚ್ಚಿಸಿ, ಹಗ್ಗ ಎಳೆದೆವು. ಇಂಥ ಇಂಜಿನ್ ಹೊಗೆ ಬಿಡುವುದು ಮೇಲಕ್ಕಲ್ಲ, ನೀರಿನ ಒಳಗೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ, ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಓಡಿಸುವ ಹಳೇ ಟೂ ಸ್ಟ್ರೋಕ್ ಇಂಜಿನ್ ಅದು. ಸಿಲಿಂಡರಿನೊಳಗೆ ಹೊಸ ಪೆಟ್ರೋಲ್ ಬರುವ ಕಿಂಡಿ, ಸುಟ್ಟ ಹೊಗೆ ಹೋಗುವ ಕಿಂಡಿ ಎರಡೂ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಹಾಗಾಗಿ ಹಾಕಿದ ಇಂಧನದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಉರಿಯದೆಯೇ ಹೊರಗೆ ಹೋಗುತ್ತದೆ. ಜೊತೆಗೆ ಬೆರೆಸಿದ ಆಯಿಲ್ ಕೂಡ.

ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆವು. ನೀರು ತಿಳಿಯಾಗುತ್ತಾ ಬಂದಂತೆ ಮೇಲೆ ಬಣ್ಣಬಣ್ಣದ ಪದರ ನಿಂತಿತು. ಪೆಟ್ರೋಲ್ ವಾಸನೆ ಗಪ್ಪಂತ ಹೊಡೆಯಿತು. ಹಣಮಂತ ಬೆರಳು ಅದ್ದಿ ಮೂಸಿದ. "ಇದು ಎಲ್ಲಾ ನಾ ಹಾಕಿದ ಪೆಟ್ರೋಲ್ ಏನ್ರಿ ಅಣ್ಣಾರ? ಇದಕ್ಕ ರೊಕ್ಕ ಕೊಟ್ಟೀನಲ್ರಿ!" ಅಂದ. ಕಾಕಾ ಬಗ್ಗಿ ನೋಡಿದ. "ನನ್ನ ಎಮ್ಮಿ ಈ ನೀರು ಮೂಸೂದಿಲ್ಲ" ಅಂದ. ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ.

ನನಗೆ ಹೇಳಬೇಕಾದದ್ದು ಇದೇ. ಸಮುದ್ರ ದೊಡ್ಡದು. ನಮ್ಮ ಭೀಮಾ ಬೇಸಿಗೆಯಲ್ಲಿ ಬ್ಯಾರೇಜಿನ ಹಿಂದೆ ನಿಂತ ನೀರು ಅಷ್ಟೇ. ಅದನ್ನೇ ಕುಡಿಯಬೇಕು, ಅದರಲ್ಲೇ ಮೀನು ಬದುಕಬೇಕು. ಅಮೆರಿಕದ ಟಾಹೋ ಅನ್ನುವ ಸರೋವರದಲ್ಲಿ 1999ರಲ್ಲೇ ಕಾರ್ಬ್ಯುರೇಟರ್ ಟೂ ಸ್ಟ್ರೋಕ್ ದೋಣಿಗಳಿಗೆ ತಡೆ ಹಾಕಿದ್ದು ನೀರಿಗೆ ಪೆಟ್ರೋಲ್ ಸೇರುತ್ತಿದೆ ಅಂತಲೇ. ಆ ನೀರನ್ನೂ ಜನ ಕುಡಿಯುತ್ತಾರೆ. ನಮ್ಮ ದೇಶದಲ್ಲೂ 1917ರ ಹಳೇ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ, ಮಾಲಿನ್ಯ ತಡೆಯಲು ಅದರಲ್ಲಿ ಒಂದು ಅಧ್ಯಾಯವೇ ಇದೆ. ನಮ್ಮ ನದಿಯಲ್ಲಿ ಇಂಥ ಇಂಜಿನ್ನುಗಳು ಇನ್ನೂ ಬೆರಳೆಣಿಕೆಯಷ್ಟು ಇವೆ. ಜಾಸ್ತಿ ಆಗುವ ಮೊದಲೇ ಎಚ್ಚರ ಆಗೋಣ ಅಂತ ನನ್ನ ಆಸೆ.

"ಫೋರ್ ಸ್ಟ್ರೋಕ್ ತಗೋ" ಅಂತ ಮಲ್ಲು ಸುಲಭವಾಗಿ ಅಂದ. ಇಂಧನ ಹೀಗೆ ಉರಿಯದೆ ಹೊರಗೆ ಹೋಗುವುದು ಆ ಜಾತಿಯ ಇಂಜಿನ್ನಿನಲ್ಲಿ ಬಹಳ ಕಡಿಮೆ. ಹಣಮಂತ ಬೆಲೆ ಕೇಳಿ ಸುಮ್ಮನಾದ. ಅವನದೂ ನ್ಯಾಯವೇ. ಮೀನುಗಾರರಿಗೆ ದೋಣಿ, ಬಲೆಗೆ ಸರ್ಕಾರ ಸಹಾಯಧನ ಕೊಡುತ್ತದೆ. ಹೊಗೆ ಕಡಿಮೆ ಇರುವ ಸಣ್ಣ ಇಂಜಿನ್ನುಗಳೂ ನಮ್ಮ ನದಿ ಮೀನುಗಾರರ ಕೈಗೆಟುಕುವಂತಾಗಬೇಕು. ನಿಯಮ ಮಾಡಿ ಬಡವನ ಕೈಯಲ್ಲಿ ಬರೀ ಚೀಟಿ ಕೊಟ್ಟರೆ ಆಗುವುದಿಲ್ಲ.

ಸದ್ಯಕ್ಕೆ ಆಗುವುದನ್ನು ಮಾಡಿದೆವು. ಪ್ಲಗ್ ಕಪ್ಪಗಾಗಿತ್ತು, ತೊಳೆದು ಗ್ಯಾಪ್ ಸರಿ ಮಾಡಿದೆ. ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಸ್ವಚ್ಛ ಮಾಡಿದೆ. ದೊಡ್ಡ ತಪ್ಪು ಇದ್ದದ್ದು ಆಯಿಲ್‌ನಲ್ಲಿ. ಆ ಇಂಜಿನ್ನಿಗೆ 50ಕ್ಕೆ 1, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್ ಸಾಕು. ಇಂಜಿನ್ ತಂಪಿರಲಿ ಅಂತ ಹಣಮಂತ ಕಣ್ಣಳತೆಯಲ್ಲಿ ಸುರಿಯುತ್ತಿದ್ದ, ಅದೂ ಬೈಕಿನ ಆಯಿಲ್. ನೀರಿನಿಂದ ತಂಪಾಗುವ ಇಂಜಿನ್ನಿಗೆ ಬೇರೆಯೇ ಆಯಿಲ್ ಬರುತ್ತದೆ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಅಂತ ಇರುತ್ತದೆ. ಅದನ್ನು ತರಿಸಿ, ಅಳತೆಯ ಸಣ್ಣ ಲೋಟ ಒಂದು ಕೊಟ್ಟೆ. ಡ್ರಮ್ಮಿನ ನೀರು ಬದಲಿಸಿ ಮತ್ತೆ ಓಡಿಸಿದೆವು. ಪದರ ಪೂರ್ತಿ ಹೋಗಲಿಲ್ಲ, ಈ ಜಾತಿಯ ಇಂಜಿನ್ನಿನಲ್ಲಿ ಹೋಗುವುದೂ ಇಲ್ಲ. ಆದರೆ ಹೊಗೆ ಎದ್ದು ಕಾಣುವಷ್ಟು ಕಡಿಮೆ ಆಗಿತ್ತು.

ಬಿಲ್ ಬರೆಯುವಾಗ ಸಾಬಣ್ಣ ಕಾಕಾ ಪಕ್ಕಕ್ಕೆ ಬಂದು ನಿಂತ. "ಅದರಾಗ ಹೊಗಿ ಎಷ್ಟು ಕಡಿಮಿ ಆತು ಅಂತ ಬರಿ, ಮಲ್ಲೂನ ಕಡಿಂದ ಸೈನ್ ಮಾಡಸು. ನಾಳಿಗಿ ಯಾರರೆ ಕೇಳಿದ್ರ ನಮ್ಮ ಹಣಮಂತನ ಹಂತ್ಯಾಕ ಫಾರಿನ್ ಪಿಯುಸಿ ಇರ್ಲಿ!"

ಮಲ್ಲು ಪೆನ್ ತಗೊಂಡು ಬಿಲ್ಲಿನ ಹಿಂದೆ ಬರೆದುಕೊಟ್ಟ: ಒಂದು ಲೀಟರಿಗೆ 20 ಎಂಎಲ್, ಒಂದು ಹನಿಯೂ ಜಾಸ್ತಿ ಬೇಡ.