ಬರೀ ಗ್ಯಾಸ್ ಅಲ್ಲ

ನಮ್ಮ ಗ್ರೇಟ್ ಡೇನ್ ನಾಯಿ ಊಟ ಮುಗಿಸಿ ಮಲಗಿದ ಮೇಲೆ ಅವನ ಪಕ್ಕೆ ತಟ್ಟಿ ನೋಡುವುದು ನನಗೆ ಅಭ್ಯಾಸವೇ ಆಗಿಹೋಗಿದೆ. ಮನೆಯವರು ನಗುತ್ತಾರೆ. ನಗಲಿ ಬಿಡಿ.

ಎದೆಗೂಡು ಆಳವಾಗಿರುವ ದೊಡ್ಡ ತಳಿಯ ನಾಯಿಗಳಿಗೆ ಹೊಟ್ಟೆ ಉಬ್ಬರದ ಕಾಟ ಜಾಸ್ತಿ. ಜಠರದಲ್ಲಿ ಗಾಳಿ ತುಂಬಿ ಅದು ತಿರುಚಿಕೊಳ್ಳುತ್ತದೆ. ಗಾಳಿ ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ. ಉಬ್ಬಿದ ಜಠರ ದೊಡ್ಡ ರಕ್ತನಾಳಗಳನ್ನು ಒತ್ತಿ, ಹೃದಯಕ್ಕೆ ರಕ್ತ ವಾಪಸ್ ಬರುವುದೇ ಕಡಿಮೆಯಾಗುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು.

ನಾಯಿ ಓಕರಿಸುತ್ತದೆ, ಏನೂ ಬರುವುದಿಲ್ಲ, ನೊರೆ ಜೊಲ್ಲು ಅಷ್ಟೇ. ನಿಂತಲ್ಲಿ ನಿಲ್ಲದು, ಮಲಗಿದಲ್ಲಿ ಮಲಗದು. ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತದೆ. ಪಕ್ಕೆ ತಟ್ಟಿದರೆ ತಮಟೆಯ ಹಾಗೆ ಸದ್ದು. ಆದರೆ ಪಕ್ಕೆಲುಬಿನ ಒಳಗೇ ಉಬ್ಬಿದ್ದರೆ ಹೊರಗೆ ಕಾಣದೆಯೂ ಇರಬಹುದು. ಆಗ ಸುಮ್ನೆ ಮನೆಮದ್ದು ಹುಡುಕುತ್ತಾ ಕೂರುವ ಹಾಗಿಲ್ಲ. ತಿರುಚಿದ್ದರೆ ಆಪರೇಷನ್ನೇ ಗತಿ.

ಜಠರವನ್ನು ಮೊದಲೇ ಹೊಟ್ಟೆಯ ಗೋಡೆಗೆ ಸೇರಿಸಿ ಹೊಲಿಸಿಬಿಡಬಹುದು. ಗಾಳಿ ತುಂಬುವುದನ್ನು ಅದು ತಡೆಯುವುದಿಲ್ಲ, ತಿರುಚುವುದು ಮಾತ್ರ ಬಹುಮಟ್ಟಿಗೆ ತಪ್ಪುತ್ತದೆ. ಶುದ್ಧ ತಳಿ ಅಂತ ಹೆಮ್ಮೆಯಿಂದ ಮರಿ ಮಾರುವವರು ಇದನ್ನೂ ಹೇಳಬೇಕು, ಅಲ್ವಾ? ಒಂದೇ ಹೊತ್ತು ಹೊಟ್ಟೆ ಬಿರಿಯೆ ಹಾಕುವ ಬದಲು ನಾವಂತೂ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿ ಹಾಕುತ್ತಿದ್ದೇವೆ. ಅವನಿಗೆ ಅದೇನೂ ಇಷ್ಟವಿಲ್ಲ.